ಕೆಂಪಿನ ಅರ್ಥ ಕೆಂಪಿನಲ್ಲಿಲ್ಲ

ಕೆಂಪು ಅಪಾಯ, ನೀಲಿ ದುಃಖ, ಹಳದಿ ಹುಚ್ಚು. ಛಾಯಾಗ್ರಹಣ ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದೇ ಇಂಥ ಪಟ್ಟಿ. ಇದನ್ನು ನಂಬುವುದಕ್ಕೂ ಭವಿಷ್ಯ ಕೇಳುವುದಕ್ಕೂ ದೊಡ್ಡ ವ್ಯತ್ಯಾಸವಿಲ್ಲ: ಹೊಂದಿದ್ದು ನೆನಪಿರುತ್ತದೆ, ಹೊಂದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ. ಅದೇ ಕೆಂಪನ್ನು ಸಿನಿಮಾದವರು ಪ್ರೇಮಕ್ಕೂ ಬಳಸಿದ್ದಾರೆ, ಕೊಲೆಗೂ ಬಳಸಿದ್ದಾರೆ, ಮಗುವಿನ ಬಲೂನಿಗೂ ಬಳಸಿದ್ದಾರೆ. ಬಣ್ಣಕ್ಕೆ ಒಂಟಿಯಾಗಿ ಅರ್ಥವಿಲ್ಲ. ಕಣ್ಣು ಅದನ್ನು ಒಂಟಿಯಾಗಿ ನೋಡುವುದೂ ಇಲ್ಲ.

ಈ ಮಾತಿಗೆ ಗಟ್ಟಿ ಆಧಾರ ಒದಗಿಸಿದವನು ಒಬ್ಬ ರಸಾಯನಶಾಸ್ತ್ರಜ್ಞ. ಮಿಶೆಲ್ ಯೂಜೀನ್ ಶೆವ್ರಲ್ 1824ರಲ್ಲಿ ಚಿತ್ರಗಂಬಳಿ ನೇಯುವ ಪ್ಯಾರಿಸ್ಸಿನ ಗೊಬೆಲಾಂ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅಲ್ಲೊಂದು ದೂರು ಕಾದಿತ್ತು: ನೀಲಿ, ನೇರಳೆ ಬಟ್ಟೆಗಳ ನೆರಳು ನೇಯಲು ಕೊಟ್ಟ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ. ಬೇರೆ ಕಡೆಯ ಕಪ್ಪು ಉಣ್ಣೆಯ ಜೊತೆ ಹೋಲಿಸಿ ನೋಡಿದರೆ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದ ನೀಲಿಯೇ ಆ ಕಪ್ಪನ್ನು ಕಳೆಗೆಡಿಸುತ್ತಿತ್ತು. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದ.

ಕಾರಣ ಕಣ್ಣಿನ ಒಳಗೇ ಇದೆ. ರೆಟಿನಾದ ಮೂರು ಬಗೆಯ ಶಂಕುಕೋಶಗಳು ಬೆಳಕನ್ನು ಹಿಡಿಯುತ್ತವೆ, ಆದರೆ ಆ ಮೂರು ಅಳತೆಗಳು ಹಾಗೆಹಾಗೇ ಮಿದುಳಿಗೆ ಹೋಗುವುದಿಲ್ಲ. ದಾರಿಯಲ್ಲೇ ಕೂಡಿಸುವುದು, ಕಳೆಯುವುದು ನಡೆಯುತ್ತದೆ: ಕೆಂಪು–ಹಸಿರಿನ ಅಂತರ ಒಂದು, ನೀಲಿ–ಹಳದಿಯ ಅಂತರ ಇನ್ನೊಂದು, ಒಟ್ಟು ಬೆಳಕು ಮತ್ತೊಂದು. ಅದರ ಮೇಲೆ ಅಕ್ಕಪಕ್ಕದ ಜಾಗಗಳ ನಡುವೆಯೂ ಕಳೆಯುವ ಲೆಕ್ಕ ಇದೆ. ಹಾಗಾಗಿಯೇ ಕಿತ್ತಳೆಯ ನಡುವೆ ಇಟ್ಟ ಬೂದು ಕಾಗದ ನೀಲಿಯ ಕಡೆ ವಾಲುತ್ತದೆ. ಸಾಲದ್ದಕ್ಕೆ ಹೊಂದಾಣಿಕೆ ಬೇರೆ. ತಣ್ಣೀರಿನಲ್ಲಿದ್ದ ಕೈಗೆ ಉಗುರುಬೆಚ್ಚಗಿನ ನೀರೂ ಬಿಸಿ ಎನಿಸುವಂತೆ, ಒಂದೇ ಬಣ್ಣದ ಬೆಳಕಿನಲ್ಲಿ ಕೆಲವು ನಿಮಿಷ ಕಳೆದ ಕಣ್ಣು ಅದನ್ನೇ ಬಹುಮಟ್ಟಿಗೆ ಬಿಳಿ ಎಂದು ಒಪ್ಪಿಕೊಳ್ಳುತ್ತದೆ.

ಇಡೀ ದೃಶ್ಯಕ್ಕೆ ನೀಲಿ ಬಳಿದು 'ಒಂಟಿತನ' ತೋರಿಸಿದೆ ಎನ್ನುವವರು ಸೋಲುವುದು ಇಲ್ಲಿ. ಕತ್ತಲ ಚಿತ್ರಮಂದಿರದಲ್ಲಿ ಹೋಲಿಸಲು ಬೇರೇನೂ ಇಲ್ಲ. ನೋಡುಗನ ಕಣ್ಣು ಆ ನೀಲಿಯನ್ನು ಬಹುಮಟ್ಟಿಗೆ ತೊಳೆದುಹಾಕುತ್ತದೆ. ಬದಲಿಗೆ ಹೀಗೆ ಮಾಡಿ: ಕಿಟಕಿಯಿಂದ ಬರುವ 5600 ಕೆಲ್ವಿನ್‌ನ ಹಗಲು ಬೆಳಕು (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿ) ಮುಖದ ಮೇಲೆ ಬೀಳಲಿ, ಹಿಂದಿನ ಕೋಣೆಯಲ್ಲಿ 3200ರ ಟಂಗ್‌ಸ್ಟನ್ ದೀಪ ಉರಿಯಲಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕು ಎಂಬ ಅಂಕಿಯನ್ನು) ಇವೆರಡರ ನಡುವೆ, ಸುಮಾರು 4300ಕ್ಕೆ ಇಡಿ. ಮುಖ ತಣ್ಣಗೆ, ಕೋಣೆ ಬೆಚ್ಚಗೆ. ಬೆಚ್ಚಗಿನ ಜಾಗವಿದೆ, ಈತ ಅದರೊಳಗಿಲ್ಲ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಇಡೀ ಫ್ರೇಮ್ ನೀಲಿಯಾಗಿರಲೇಬೇಕು ಎಂದರೆ ಒಂದು ಬಿಳಿ ಕಾಗದವನ್ನೋ ಅಂಗಿಯನ್ನೋ ಬಣ್ಣ ಸೋಕದಂತೆ ಉಳಿಸಿಕೊಳ್ಳಿ. ಅದಿದ್ದರೆ ನೀಲಿ ನೀಲಿಯಾಗಿಯೇ ನಿಲ್ಲುತ್ತದೆ.

ಅಂದಹಾಗೆ ಬೆಳದಿಂಗಳು ನೀಲಿಯಲ್ಲ. ಸೂರ್ಯನ ಬೆಳಕಿಗಿಂತ ತುಸು ಕೆಂಪಿನ ಕಡೆಗೇ ಇದೆ. ಆದರೆ ಮಬ್ಬಿನಲ್ಲಿ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. 19ನೇ ಶತಮಾನದ ಮೊದಲ ಭಾಗದಲ್ಲೇ ಜೆಕ್ ಶರೀರಶಾಸ್ತ್ರಜ್ಞ ಪುರ್ಕಿಂಯೆ ಇದನ್ನು ಗುರುತಿಸಿದ್ದ. ಹಗಲಲ್ಲಿ ರಾತ್ರಿಯನ್ನು ಚಿತ್ರೀಕರಿಸುವವರು ಕ್ಯಾಮೆರಾವನ್ನು 3200ಕ್ಕಿಟ್ಟು, ಎಕ್ಸ್‌ಪೋಷರ್ (ಕ್ಯಾಮೆರಾಗೆ ಸಿಗುವ ಬೆಳಕು) ಸುಮಾರು ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಆಕಾಶವನ್ನು ಫ್ರೇಮಿನಿಂದ ಹೊರಗಿಡುವುದು ಇದನ್ನೇ ನೆಚ್ಚಿಕೊಂಡು.

ಇನ್ನು ಸಂಯೋಜನೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡಿ ಗೆರೆಗಳು ಕೂಡುವಲ್ಲಿ ಮುಖ್ಯವಾದದ್ದನ್ನು ಇಡಬೇಕು ಎಂಬ ಮೂರನೇ ಒಂದು ಭಾಗದ ನಿಯಮವನ್ನು ಪ್ರಕೃತಿಯ ಕಟ್ಟಳೆ ಎಂಬಂತೆ ಜಪಿಸುತ್ತಾರೆ. 1797ರಲ್ಲಿ ಇಂಗ್ಲಿಷ್ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ಅದನ್ನು ಬರೆದದ್ದು ಚಿತ್ರದಲ್ಲಿ ಬೆಳಕು–ನೆರಳು, ನೆಲ–ಆಕಾಶಗಳನ್ನು ಎಷ್ಟೆಷ್ಟು ಹಂಚಬೇಕು ಎಂಬ ಸಲಹೆಯಾಗಿ, ಅಷ್ಟೇ. ಅಡ್ಡ–ಉದ್ದ ಗೆರೆಗಳು ಕೂಡುವಲ್ಲಿ ಕಣ್ಣು ತಾನಾಗಿ ಹೋಗಿ ಕೂರುವುದಿಲ್ಲ. ಅದು ಹೋಗುವುದು ಮುಖಕ್ಕೆ, ಹೊಳಪು ಥಟ್ಟನೆ ಬದಲಾಗುವ ಅಂಚಿಗೆ.

ಆ ಹೊಳಪೇ ಚೌಕಟ್ಟಿನ ಎಲುಬು. ಎಚ್‌ಡಿ ವೀಡಿಯೊದ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಶೇ 72, ಕೆಂಪಿನದು 21, ನೀಲಿಯದು ಬರೀ 7. ನಾವು ದಿನವೂ ನೋಡುವ ವೀಡಿಯೊಗಳಲ್ಲಿ ಬಹುಪಾಲು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಸಿ, ಹೊಳಪನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕ್ಯಾಮೆರಾದ ಪರದೆಯನ್ನು ಕಪ್ಪು–ಬಿಳುಪಿಗೆ ತಿರುಗಿಸಿ ನೋಡಿ (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಉಳಿಸುವ ರಾ ಫೈಲಿನಲ್ಲಿ ಬಣ್ಣ ಹಾಗೇ ಇರುತ್ತದೆ). ಹುಲ್ಲಿನ ಮೇಲೆ ಎದ್ದು ಕಾಣುತ್ತಿದ್ದ ಕೆಂಪಂಗಿ ಅಲ್ಲಿ ಹುಲ್ಲಿನಲ್ಲೇ ಕರಗಿಹೋದರೆ, ಬಣ್ಣ ಹೆಚ್ಚಿಸಿ ಪ್ರಯೋಜನವಿಲ್ಲ. ವ್ಯಕ್ತಿಯನ್ನು ಎರಡು ಸ್ಟಾಪ್ ಕಪ್ಪಾದ ನೆರಳಿನ ಮುಂದೆ ನಿಲ್ಲಿಸಿ. ಎರಡು ಸ್ಟಾಪ್ ಎಂದರೆ ಕಾಲುಭಾಗ ಬೆಳಕು.

ಕೆಂಪಿನ ತಾಪತ್ರಯ ಇಷ್ಟಕ್ಕೇ ಮುಗಿಯುವುದಿಲ್ಲ. ಒಟ್ಟು ಹಿಸ್ಟೋಗ್ರಾಮ್ (ಹೊಳಪಿನ ಹಂಚಿಕೆಯ ನಕ್ಷೆ) ಸರಿಯಿದ್ದರೂ ಕೆಂಪು ಚಾನೆಲ್, ಎಂದರೆ ಕ್ಯಾಮೆರಾ ಬೇರೆಯಾಗಿ ದಾಖಲಿಸುವ ಕೆಂಪಿನ ಪಾಲು, ತುಂಬಿ ಹರಿದಿರಬಹುದು, ಬಟ್ಟೆಯ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಮೂರು ಚಾನೆಲ್‌ಗಳನ್ನೂ ಬೇರೆಬೇರೆಯಾಗಿ ನೋಡಿ, ಬೇಕಾದರೆ ಒಂದು ಸ್ಟಾಪ್ ಇಳಿಸಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕೆಂಪು ಉಡುಪಿನ ನಟಿ ಒಳಬಂದೊಡನೆ ಕ್ಯಾಮೆರಾ ಅದನ್ನು ದೀಪದ ಬಣ್ಣವೆಂದು ತಿಳಿದು, ಶಾಟ್ ನಡುವೆಯೇ ಗೋಡೆಯನ್ನು ಹಸಿರುನೀಲಿ ಮಾಡಬಹುದು. ಕೆಲ್ವಿನ್ ಅಂಕಿಯನ್ನು ಕೈಯಾರೆ ಇಟ್ಟುಬಿಡಿ.

ಅಂತರ ಹುಟ್ಟುವುದು ಒಂದು ಫ್ರೇಮಿನೊಳಗೆ ಮಾತ್ರವಲ್ಲ. ಮೊದಲ ಒಂದು ಗಂಟೆ ಕೆಂಪನ್ನು ಪೂರ್ತಿ ತಡೆದಿಟ್ಟರೆ, ಆಮೇಲೆ ಬರುವ ಒಂದು ಕೆಂಪು ಬಾಗಿಲೇ ಸಾಕು. ತಡೆಯುವ ಕೆಲಸ ಮಾತ್ರ ಸೆಟ್ಟಿನಲ್ಲೇ ಆಗಬೇಕು: ಮೂಲೆಯ ಬಕೆಟ್ಟು, ಹಿಂದೆ ನಿಂತವರ ಚೀಲ, ಗೋಡೆಯ ಪೋಸ್ಟರ್ ಎಲ್ಲವನ್ನೂ ಎತ್ತಿಸಬೇಕು. ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ತೆಗೆದರಾಯಿತು ಎಂದು ಬಿಟ್ಟಿರೋ, ಚರ್ಮದ ಬಣ್ಣವೂ ಕೆಂಪು–ಕಿತ್ತಳೆಯ ವಲಯದಲ್ಲೇ ಇರುವುದರಿಂದ ಬಕೆಟ್ಟಿನ ಜೊತೆ ನಾಯಕನ ಮುಖವೂ ಹೆಣದಂತೆ ಬಿಳಿಚಿಕೊಳ್ಳುತ್ತದೆ.