ನಿರಾಶ್ರಿತ ಮಕ್ಕಳ ಮನಸ್ಸು, ತರಗತಿಯ ಕೆಲಸ: ಕಾಕ್ಸ್ ಬಜಾರ್ ಉದಾಹರಣೆ

2017ರ ಆಗಸ್ಟ್ 25ರ ನಂತರದ ತಿಂಗಳುಗಳಲ್ಲಿ ಮ್ಯಾನ್ಮಾರಿನ ರಖೈನ್‌ನಿಂದ ಸೇನಾ ದಾಳಿಯಿಂದ ತಪ್ಪಿಸಿಕೊಂಡು 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು (ಬಹುತೇಕ ಮುಸ್ಲಿಮರಾದ ಅಲ್ಲಿನ ಅಲ್ಪಸಂಖ್ಯಾತ ಸಮುದಾಯ) ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಅರ್ಧಕ್ಕಿಂತ ಹೆಚ್ಚು ಜನ ಮಕ್ಕಳೇ. ಅವರ ಶಾಲೆ ಎಂದರೆ ಬಿದಿರು, ಟಾರ್ಪಾಲಿನ ಒಂದೇ ಕೋಣೆಯ ಕಲಿಕಾ ಕೇಂದ್ರ. ಪಾಳಿಯ ಮೇಲೆ ದಿನಕ್ಕೆ ಕೆಲವೇ ಗಂಟೆಗಳ ಪಾಠ.

ಇಂಥ ಕಡೆ ಕಲಿಸುವವರು ಮೊದಲು ನೆನಪಿಡಬೇಕಾದ್ದು, ತುರ್ತು ಪರಿಸ್ಥಿತಿಯಲ್ಲಿ ಮನಸ್ಸಿಗೆ ನೆರವಾಗುವ ಬಗ್ಗೆ ಐಎಎಸ್‌ಸಿ (ವಿಶ್ವಸಂಸ್ಥೆ ಮತ್ತು ಇತರ ಪರಿಹಾರ ಸಂಸ್ಥೆಗಳ ಜಂಟಿ ಸಮಿತಿ) 2007ರಲ್ಲಿ ತಂದ ಮಾರ್ಗಸೂಚಿಯ ಪಿರಮಿಡ್. ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತ: ಮೂಲ ಸೌಕರ್ಯ ಮತ್ತು ಸುರಕ್ಷತೆ, ಕುಟುಂಬ-ಸಮುದಾಯದ ಆಸರೆ, ತರಬೇತಿ ಪಡೆದವರ ನೆರವು, ತುದಿಯಲ್ಲಿ ಮನೋವೈದ್ಯರಂಥ ಪರಿಣತರ ಚಿಕಿತ್ಸೆ. ನಾವು ಓದುವಾಗ ಕಣ್ಣು ಮೊದಲು ತುದಿಗೇ ಹೋಗುತ್ತದೆ. ಶಿಕ್ಷಕರ ಕೆಲಸವೆಲ್ಲ ಇರುವುದು ಕೆಳಗಿನ ಹಂತಗಳಲ್ಲಿ.

ಅದಕ್ಕೇ ದಿನಚರಿಗೆ ಅಷ್ಟು ಮಹತ್ವ. ಎಲ್ಲ ಕಳೆದುಕೊಂಡ ಮಗುವಿಗೆ ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವುದೇ ದೊಡ್ಡ ಧೈರ್ಯ. ದಿನವೂ ಅದೇ ನಮಸ್ಕಾರ, ಅದೇ ಜಾಗ, ಗೋಡೆಯ ಮೇಲೆ ಚಿತ್ರದ ವೇಳಾಪಟ್ಟಿ. ನಾಳೆ ಶಿಕ್ಷಕರು ಬದಲಾಗುವುದಿದ್ದರೆ ಇವತ್ತೇ ಹೇಳಿ.

ಪಾಠಕ್ಕೆ ಮುಂಚೆ ಸ್ವಲ್ಪ ಹೊತ್ತು ಉಸಿರಾಟ: ಮೂರು ಎಣಿಸುತ್ತ ಒಳಗೆ, ಐದು ಎಣಿಸುತ್ತ ಹೊರಗೆ, ಐದು ಸಲ. ಇಲ್ಲಿ ತಪ್ಪಾಗುವುದು "ಕಣ್ಣು ಮುಚ್ಚಿ" ಎಂದಾಗ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಹಳೆಯ ದೃಶ್ಯಗಳೇ ಎದುರಾಗುತ್ತವೆ. ಕಣ್ಣು ತೆರೆದೇ ಇರಲಿ. ಎದುರಿನ ಬಿದಿರು ಕಂಬದ ಒಂದು ಗೆಣ್ಣನ್ನು ನೋಡುತ್ತಿದ್ದರೆ ಸಾಕು.

ಇನ್ನೂ ದೊಡ್ಡ ತಪ್ಪು, "ಏನಾಯಿತು ಹೇಳು" ಎಂದು ಕೆದಕುವುದು, ಸುಟ್ಟ ಮನೆಯ ಚಿತ್ರ ಬರೆಸುವುದು. ಒತ್ತಾಯಿಸಿ ಹೇಳಿಸಿದರೆ ಗಾಯ ಮಾಯುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತದೆ. ತಾನಾಗಿ ಹೇಳಿದರೆ ಪಕ್ಕದಲ್ಲಿ ಕೂತು ಕೇಳಿ. ಉಳಿದ ಮಕ್ಕಳೆದುರು ಬೇಡ.

ಭಾಷೆಯ ಕಡೆಗೂ ಗಮನವಿರಲಿ. ಮನಸ್ಸಿನ ಸಂಕಟ ಹೇಳಲು ರೋಹಿಂಗ್ಯಾ ಭಾಷೆಯಲ್ಲಿ 'ಚಿಂತಾ ಲಾಗೆರ್', 'ಅಶಾಂತಿ ಲಾಗೆರ್' ಎನ್ನುತ್ತಾರೆ. ನಮಗೆ ಗುರುತು ಹತ್ತುವ ಪದಗಳೇ! ಆದರೆ ಎಷ್ಟೋ ಮಕ್ಕಳು ಅದನ್ನೂ ಹೇಳದೆ ಹೊಟ್ಟೆನೋವು, ಮೈನೋವು ಅನ್ನುತ್ತಾರೆ. ಅದನ್ನು ನೆಪ ಎಂದು ತಳ್ಳಿಹಾಕಬೇಡಿ. ಮೊದಲು ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಕಾಯಿಲೆ ಇಲ್ಲವೆಂದಾದರೆ ಮನಸ್ಸಿನ ಕಡೆ ನೋಡಬೇಕು.

2021ರ ಮಾರ್ಚ್ 22ರಂದು ಇದೇ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ಭಾರೀ ಬೆಂಕಿ ಬಿದ್ದು ಸಾವಿರಾರು ಗುಡಿಸಲು ಸುಟ್ಟವು. ಇಂಥ ಕಡೆ ಬೆಂಕಿ ಬಿದ್ದರೆ ಹೊರಹೋಗುವ ಅಣಕು ಅಭ್ಯಾಸ ಬೇಕೇ ಬೇಕು, ಆದರೆ ಹೇಳದೆ ಶಿಳ್ಳೆ ಊದಿದರೆ ಮಕ್ಕಳು ನಿಜವೆಂದೇ ಓಡುತ್ತಾರೆ. ಮೊದಲ ವಾರ ಬರೀ ನಡೆದು ಹೊರಹೋಗುವುದು. ಎರಡನೇ ವಾರ ಮೊದಲೇ ತಿಳಿಸಿ, ಶಿಳ್ಳೆ ತೋರಿಸಿ, ಮೆಲ್ಲಗೆ ಊದುವುದು.

ಹಾಸಿಗೆ ಒದ್ದೆ, ಬೆಚ್ಚಿಬೀಳುವುದು, ಮಾತು ನಿಲ್ಲಿಸುವುದು ಆರಂಭದಲ್ಲಿ ಸಹಜ. ತಿಂಗಳಾದರೂ ತಗ್ಗದೆ ಆಟ-ಊಟ ಬಿಟ್ಟರೆ ಮನೆಯವರೊಂದಿಗೆ ಮಾತಾಡಿ ಆಪ್ತಸಲಹೆಗೆ ಕಳಿಸಿ. ಸಾಯುವ ಮಾತಾಡಿದರೆ ಅವತ್ತೇ ಕಳಿಸಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಕೂಡದು.

ಕಲಿಸುವ ರೋಹಿಂಗ್ಯಾ ಸ್ವಯಂಸೇವಕರೂ ಅದೇ ಹಾದಿಯಲ್ಲಿ ಬಂದವರು. ವಾರಕ್ಕೊಮ್ಮೆ ಅರ್ಧ ಗಂಟೆ ಅವರೆಲ್ಲ ಸೇರಿ ಮಾತಾಡಲು ಬಿಡುವು ಕೊಡಿ, ಆ ಹೊತ್ತಿಗೆ ಪಾಠಯೋಜನೆ, ಹಾಜರಿ ತರಬೇಡಿ.