ಜುಲೈನಲ್ಲೂ ನಡುಗಿಸುವ ಓಶನ್ ಬೀಚ್: ಹಾಗಾದರೆ ಹೋಗುವುದು ಯಾವಾಗ?

ಪ್ರಶ್ನೆ: ನಾವು ಸನ್ನಿವೇಲ್‌ನಲ್ಲಿದ್ದೇವೆ. ಊರಿಂದ ಅಪ್ಪ, ಅಮ್ಮ ಬಂದಿದ್ದಾರೆಂದು ಜುಲೈನ ಒಂದು ಭಾನುವಾರ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದ ಓಶನ್ ಬೀಚ್‌ಗೆ ಹೋದೆವು. ಮನೆಯ ಹತ್ತಿರ ಸುಡುಬಿಸಿಲು, ಅಲ್ಲಿ ನೋಡಿದರೆ ಮಂಜು, ಮುಖಕ್ಕೆ ಮರಳು ಎರಚುವ ಗಾಳಿ. ಸರ್ಫಿಂಗ್ ಕಲಿಯುತ್ತಿರುವ ಮಗ ನೀರಿಗೇ ಇಳಿಯಲಿಲ್ಲ. ಬೇಸಿಗೆಯಲ್ಲೇ ಹೀಗಾದರೆ ಅಲ್ಲಿಗೆ ಯಾವಾಗ ಹೋಗಬೇಕು?

ಉತ್ತರ: ಅಕ್ಟೋಬರ್‌ನಲ್ಲಿ ಹೋಗಿ. ಆದರೆ ಕಲಿಯುತ್ತಿರುವ ಮಗನನ್ನು ಅಲ್ಲಿ ಆಗಲೂ ನೀರಿಗಿಳಿಸಬೇಡಿ.

ಮನೆಯ ಹತ್ತಿರ ಸುಡುಬಿಸಿಲು ಎಂದಿರಲ್ಲ, ಬೀಚಿನ ಗಾಳಿಗೆ ಮೂಲವೇ ಅದು. ವಸಂತ ಮತ್ತು ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಮೇಲೆ ದೊಡ್ಡದೊಂದು ಅಧಿಕ ಒತ್ತಡದ ವಲಯ ಬೀಡುಬಿಟ್ಟಿರುತ್ತದೆ. ಇತ್ತ ಒಳನಾಡಿನ ಸೆಂಟ್ರಲ್ ವ್ಯಾಲಿ 38 ಡಿಗ್ರಿಯವರೆಗೂ ಕಾಯುತ್ತದೆ. ಅಲ್ಲಿನ ಗಾಳಿ ಹಗುರಾಗಿ ಮೇಲೇರಿ ಒತ್ತಡ ಕುಸಿಯುತ್ತದೆ. ಇವೆರಡರ ನಡುವಿನ ಸೆಳೆತಕ್ಕೆ ವಾಯವ್ಯದ ಗಾಳಿ ಕರಾವಳಿಯ ಉದ್ದಕ್ಕೂ ಬೀಸುತ್ತದೆ. ಒಳನಾಡು ಕಾದಷ್ಟೂ ಇಲ್ಲಿ ಗಾಳಿ ಜೋರು. ಬೆಳಿಗ್ಗೆ ಸುಮ್ಮನಿದ್ದು, ಹನ್ನೊಂದರ ಮೇಲೆ ಏಳತೊಡಗಿ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಗಂಟೆಗೆ 30–40 ಕಿ.ಮೀ. ಮುಟ್ಟುವುದು ಇಲ್ಲಿ ಮಾಮೂಲು. ನೀವು ಹೋದದ್ದು ಸರಿಯಾಗಿ ಆ ಹೊತ್ತಿಗೇ.

ಇದೇ ಗಾಳಿ ನೀರನ್ನೂ ತಣ್ಣಗಾಗಿಸುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಬಲಕ್ಕೆ ಸರಿಯುತ್ತದೆ. ಇಲ್ಲಿ ಬಲಕ್ಕೆ ಎಂದರೆ ದಡದಿಂದ ಆಚೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಹೀಗಾಗಿ ಮೇ ತಿಂಗಳಲ್ಲೂ ದಡದ ನೀರು 10–12 ಡಿಗ್ರಿಯಲ್ಲೇ ಇರುವುದುಂಟು. ಸಾಗರದ ತೇವಭರಿತ ಗಾಳಿ ಆ ನೀರನ್ನು ದಾಟುವಾಗ ತಣಿದು ಮಂಜಾಗುತ್ತದೆ. ಅದನ್ನು ಒಳನಾಡಿನ ಶಾಖ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್‌ನ ಕಿಂಡಿಯೊಳಗಿಂದ ಎಳೆದುಕೊಳ್ಳುತ್ತದೆ. ನಮ್ಮ ಮುಂಗಾರಿನಲ್ಲೂ ಕಾದ ನೆಲ ಕಡಲಿನ ಗಾಳಿಯನ್ನು ಕರೆಯುತ್ತದೆ, ಆದರೆ ಅದು ಬೆಚ್ಚನೆಯ ಕಡಲನ್ನು ದಾಟಿ ಬರುವ ಗಾಳಿ, ಮಳೆ ಸುರಿಸುತ್ತದೆ. ಇಲ್ಲಿ ಒದ್ದೆಯಾಗುವುದು ಕನ್ನಡಕದ ಗಾಜು ಮಾತ್ರ.

ಇನ್ನು ಅಲೆಯ ವಿಷಯ. ಕಡಲಿನಿಂದ ದಡದ ಕಡೆ ಬೀಸುವ ಗಾಳಿ ಅಲೆಯನ್ನು ಬೆನ್ನ ಹಿಂದಿನಿಂದ ತಳ್ಳಿ, ಅದು ಪೂರ್ತಿ ಏಳುವ ಮುಂಚೆಯೇ ತಲೆ ಮುರಿಯುತ್ತದೆ. ಸಾಲು ಸಾಲಾಗಿ ಬರಬೇಕಾದ ಅಲೆಗಳ ಬದಲು ಎಲ್ಲ ಕಡೆಯೂ ಎಸರು ಕುದಿದಂತೆ ಕೊತಕೊತ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಸಾಗರದ ಅಧಿಕ ಒತ್ತಡ ಸಡಿಲವಾಗುತ್ತದೆ. ನೆವಾಡಾ ಕಡೆಯ ಒಳನಾಡು ತಣಿದು ಒತ್ತಡ ಅಲ್ಲಿ ಏರುತ್ತದೆ. ಆಗ ಕೆಲವು ದಿನ ನೆಲದಿಂದ ಕಡಲಿಗೆ ಮೂಡಗಾಳಿ ಬೀಸುತ್ತದೆ. ಎದುರಿನಿಂದ ಬರುವ ಆ ಗಾಳಿ ಅಲೆಯನ್ನು ಹೆಚ್ಚು ಹೊತ್ತು ನೆಟ್ಟಗೆ ನಿಲ್ಲಿಸುತ್ತದೆ. ಅದೇ ಹೊತ್ತಿಗೆ ಅಲಾಸ್ಕಾ ಕೊಲ್ಲಿಯ ಮೊದಲ ಬಿರುಗಾಳಿಗಳಿಂದ ಹೊರಟ ಅಲೆಗಳು ಬಂದು ಮುಟ್ಟುತ್ತವೆ. ನೀರು ವರ್ಷದಲ್ಲೇ ಬೆಚ್ಚಗೆ, ಆಕಾಶ ನೀಲಿ. (ಬೆಚ್ಚಗೆ ಎಂದರೆ 14–15 ಡಿಗ್ರಿ. ವೆಟ್‌ಸೂಟ್, ಅಂದರೆ ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪು, ಆಗಲೂ ಬೇಕು. ವೆಟ್‌ಸೂಟ್‌ಗೆ ಹೆಸರಾದ ಜಾಕ್ ಓನೀಲ್ 1952ರಲ್ಲಿ ತಮ್ಮ ಮೊದಲ ಸರ್ಫ್ ಅಂಗಡಿ ತೆರೆದದ್ದು ಇದೇ ಬೀಚಿನ ಬಳಿ. ವೆಟ್‌ಸೂಟ್ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಕ್ಕಿಲ್ಲ.)

ಮುನ್ಸೂಚನೆ ನೋಡುವಾಗ ಎಲ್ಲರ ಕಣ್ಣೂ ಅಲೆಯ ಎತ್ತರದ ಮೇಲೆ ಬೀಳುತ್ತದೆ. ನಾನು ಮೊದಲು ನೋಡುವುದು ಅದರ ಪಕ್ಕದ ಸೆಕೆಂಡುಗಳನ್ನು, ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅವಧಿಯನ್ನು. ಆರು ಅಡಿ, 9 ಸೆಕೆಂಡು ಎಂದರೆ ಹತ್ತಿರದ ಗಾಳಿಯೇ ಎಬ್ಬಿಸಿದ ಕಲಸುಮೇಲೋಗರ. ಅದೇ ಆರು ಅಡಿ, 18 ಸೆಕೆಂಡು ಎಂದರೆ ಸಾವಿರಾರು ಕಿ.ಮೀ. ದೂರದ ಬಿರುಗಾಳಿಯ ಕೂಸು. ಆಳ ಸಾಗರದಲ್ಲಿ 9 ಸೆಕೆಂಡಿನ ಅಲೆಯ ಉದ್ದ ಸುಮಾರು 125 ಮೀಟರ್, 18 ಸೆಕೆಂಡಿನದು 500 ಮೀಟರ್. ಉದ್ದದ ಅರ್ಧದಷ್ಟು ಆಳದಲ್ಲೇ ಅಲೆಗೆ ತಳ ತಗಲುವುದರಿಂದ ಎರಡನೆಯದು ದಡಕ್ಕೆ ಬಹಳ ದೂರದಲ್ಲೇ ಬಾಗಿ, ತಿರುಗಲು ಶುರುಮಾಡುತ್ತದೆ. ಗೋಲ್ಡನ್ ಗೇಟ್‌ನ ಹೊರಗೆ, ಕೊಲ್ಲಿಯ ಉಬ್ಬರವಿಳಿತ ಹೊತ್ತು ತಂದ ಮರಳಿನ ಅರ್ಧಚಂದ್ರಾಕಾರದ ದಿಬ್ಬವಿದೆ. ಉದ್ದದ ಅಲೆಗಳು ಅದರ ಮೇಲೆ ಬಾಗಿ ಓಶನ್ ಬೀಚಿನ ಕೆಲವು ಕಡೆಗೆ ಶಕ್ತಿಯನ್ನೆಲ್ಲ ಒಟ್ಟುಗೂಡಿಸುತ್ತವೆ. ಹಾಗಾಗಿ ಕಡಲಲ್ಲಿ ತೇಲುತ್ತ ಅಲೆ ಅಳೆಯುವ ಬೋಯೆಯಲ್ಲಿ ಆರು ಅಡಿ ಎಂದಿದ್ದದ್ದು ದಡದಲ್ಲಿ ಹತ್ತು ಅಡಿಯಾದರೂ ಆಶ್ಚರ್ಯವಿಲ್ಲ. ನಗರದ ಪಶ್ಚಿಮಕ್ಕೆ 18 ನಾಟಿಕಲ್ ಮೈಲಿ ದೂರದಲ್ಲಿರುವ 46026 ಸಂಖ್ಯೆಯ ಬೋಯೆಯ ಅಂಕಿಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ದಾಖಲಾದ 18 ಸೆಕೆಂಡಿನ ಅಲೆ ದಡ ಮುಟ್ಟಲು ಮುಕ್ಕಾಲು ಗಂಟೆಯೂ ಬೇಡ.

ಮಗನನ್ನು ಇಳಿಸಬೇಡಿ ಎಂದದ್ದು ಇದಕ್ಕೇ. ಐದೂವರೆ ಕಿ.ಮೀ. ಉದ್ದದ ಈ ಬೀಚಿನಲ್ಲಿ ಮರಳ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ, ಅವುಗಳ ನಡುವೆ ನೀರು ಕಡಲಿನ ಕಡೆಗೆ ಬಲವಾಗಿ ಸೆಳೆಯುತ್ತದೆ. ಈಜುವವರು ಮಾತ್ರವಲ್ಲ, ಮೊಣಕಾಲುದ್ದದ ನೀರಲ್ಲಿ ನಡೆದವರೂ ಇಲ್ಲಿ ಮುಳುಗಿ ಸತ್ತಿದ್ದಾರೆ. ಡಿಸೆಂಬರ್, ಜನವರಿಯಲ್ಲಂತೂ ಅಲೆ ಹದಿನೈದು ಅಡಿ ದಾಟುವುದುಂಟು; ಪಳಗಿದವರೂ ದಡದಲ್ಲೇ ನಿಂತು ನೋಡುವ ದಿನಗಳವು. ಆಗ ಅಪ್ಪ, ಅಮ್ಮನನ್ನು ಕರೆದೊಯ್ದರೆ ಒಣ ಮರಳಿನ ಮೇಲೇ ಇರಿ, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ.

ಅವರು ಅಕ್ಟೋಬರ್‌ವರೆಗೂ ಇರುವುದಾದರೆ ಗಾಳಿಯಿಲ್ಲದ ಒಂದು ಸಂಜೆ ಸೂರ್ಯಾಸ್ತಕ್ಕೆ ಓಶನ್ ಬೀಚ್‌ಗೆ ಹೋಗಿ. ಮಗನಿಗೆ ಸಾಂತಾ ಕ್ರೂಜ್‌ನ ಕವೆಲ್ಸ್ ಬೀಚ್ ಸಾಕು. ಅದು ದಕ್ಷಿಣಕ್ಕೆ ಮುಖ ಮಾಡಿದೆ. ವಾಯವ್ಯದ ಗಾಳಿಗೂ ಅಲೆಗೂ ಪಕ್ಕದ ಭೂಶಿರವೇ ಅಡ್ಡ. ಬೇಸಿಗೆಯಲ್ಲಿ ನ್ಯೂಜಿಲೆಂಡ್ ಕಡೆಯ ಚಳಿಗಾಲದ ಬಿರುಗಾಳಿಗಳ ಅಲೆಗಳು ವಾರಕ್ಕೂ ಹೆಚ್ಚು ಕಾಲ ಪ್ರಯಾಣಿಸಿ ಅಲ್ಲಿಗೆ ತಲುಪುವ ಹೊತ್ತಿಗೆ ಮೆತ್ತಗಾಗಿ ಉರುಳುತ್ತವೆ. ಜುಲೈನಲ್ಲೇ ಹೋಗಬಹುದು. ವಾರಾಂತ್ಯವಾದರೆ ಬೆಳಿಗ್ಗೆ ಏಳರೊಳಗೆ ಹೊರಡಿ, 17ನೇ ಹೆದ್ದಾರಿ ಆಮೇಲೆ ಕಟ್ಟಿಕೊಳ್ಳುತ್ತದೆ.