ಲೋಳೆಮೀನಿನ ಪೇಪರ್ ಇನ್ನೂ ತಿದ್ದಿಲ್ಲ

ದಾವಣಗೆರೆಯ ನಮ್ಮ ಓದುವ ಗುಂಪಿನಲ್ಲಿ ಮೊನ್ನೆ ಒಂದು ಪ್ರಶ್ನೆಗೆ ಜಗಳವೇ ಆಯ್ತು. ಲೋಳೆಮೀನು, ಅದೇ ಜೆಲ್ಲಿಫಿಶ್, ಐಯುಸಿಎನ್ ಕೆಂಪು ಪಟ್ಟಿಯ (ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಜಾಗತಿಕ ಪಟ್ಟಿ) ಯಾವ ವರ್ಗಕ್ಕೆ ಸೇರುತ್ತದೆ? ಆರು ಜನರಲ್ಲಿ ನಾಲ್ವರು ‘ಲೀಸ್ಟ್ ಕನ್ಸರ್ನ್’, ಅಂದ್ರೆ ಸದ್ಯಕ್ಕೆ ಚಿಂತೆಯಿಲ್ಲ, ಅಂದೆವು. ಸಮುದ್ರದಲ್ಲಿ ರಾಶಿರಾಶಿ ಇರುತ್ತಲ್ಲ, ಅದಕ್ಕೇನಾಗುತ್ತೆ ಅಂತ. ತಪ್ಪು. ಬಹುಪಾಲು ಲೋಳೆಮೀನುಗಳು ‘ನಾಟ್ ಇವ್ಯಾಲ್ಯುಯೇಟೆಡ್’.

ಹೀಗೆ ನೆನಪಿಟ್ಟುಕೊಳ್ಳಿ. ಲೀಸ್ಟ್ ಕನ್ಸರ್ನ್ ಅಂದ್ರೆ ಪೇಪರ್ ತಿದ್ದಿ ಪಾಸ್ ಮಾಡಿದ್ದಾರೆ. ಡೇಟಾ ಡೆಫಿಷಿಯೆಂಟ್ ಅಂದ್ರೆ ತಿದ್ದಲು ಕೂತರು, ಅರ್ಧ ಹಾಳೆಗಳೇ ಇರಲಿಲ್ಲ, ಅಂಕ ಹಾಕಲು ಆಗಲಿಲ್ಲ. ನಾಟ್ ಇವ್ಯಾಲ್ಯುಯೇಟೆಡ್ ಅಂದ್ರೆ ಉತ್ತರ ಪತ್ರಿಕೆಯ ಕಟ್ಟನ್ನೇ ಬಿಚ್ಚಿಲ್ಲ. ಇದನ್ನು ಪಾಸ್ ಅಂದುಕೊಳ್ಳೋದೇ ನಾವು ಮಾಡಿದ ಎಡವಟ್ಟು.

ಯಾಕೆ ಬಿಚ್ಚಿಲ್ಲ? ಕೆಂಪು ಪಟ್ಟಿಯ ಒಂದು ಮುಖ್ಯ ಅಳತೆಗೋಲು ಸಂಖ್ಯೆಯ ಕುಸಿತ. 10 ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರಲ್ಲಿ ಎಷ್ಟು ಕಮ್ಮಿಯಾಯ್ತು ಅಂತ ನೋಡುತ್ತಾರೆ. ಹುಲಿಗೆ, ಕೃಷ್ಣಮೃಗಕ್ಕೆ ಇದು ಸರಿ. ಲೋಳೆಮೀನಿಗೆ ತಲೆಮಾರು ಎಣಿಸೋದು ಹೇಗೆ? ನಾವು ಚಿತ್ರದಲ್ಲಿ ನೋಡುವ ಕೊಡೆಯಾಕಾರ ಅದರ ಅರ್ಧ ಬದುಕು ಮಾತ್ರ, ಹೆಸರು ಮೆಡೂಸಾ. ಇನ್ನರ್ಧ ಪಾಲಿಪ್: ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡ, ಹುಡುಕಿದರೂ ಕಣ್ಣಿಗೆ ಬೀಳದಷ್ಟು ಚಿಕ್ಕ ಜೀವ. ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪದೇಶದ ಒಂದು ಸರೋವರದಲ್ಲಿ ಲಕ್ಷಗಟ್ಟಲೆ ಚಿನ್ನದ ಬಣ್ಣದ ಲೋಳೆಮೀನುಗಳಿದ್ದವು. 1998ರಲ್ಲಿ ಎಲ್ ನಿನೋ, ಅಂದ್ರೆ ಪೆಸಿಫಿಕ್ ನೀರು ಬಿಸಿಯಾಗುವ ವಿದ್ಯಮಾನ, ಅದರ ಬಿಸಿಗೆ ಮೆಡೂಸಾಗಳು ಮಾಯ. ಪಾಲಿಪ್‌ಗಳು ಉಳಿದಿದ್ದರಿಂದ ಕೆಲವೇ ವರ್ಷಗಳಲ್ಲಿ ಸರೋವರ ಮತ್ತೆ ತುಂಬಿತು. ಆ ನಡುವೆ ಎಣಿಸಲು ಹೋದವರು ಏನಂತ ಬರೆಯಬೇಕಿತ್ತು ಹೇಳಿ?

ಇದೆಲ್ಲ ಕಡಲಿನ ಕಥೆ, ಬಯಲುಸೀಮೆಯವರಿಗೆ ಯಾಕೆ ಅನ್ನಬೇಡಿ. ಸಿಹಿನೀರಲ್ಲೂ ಲೋಳೆಮೀನಿದೆ, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಚೀನಾದ ಯಾಂಗ್ಟ್ಸೆ ನದಿ ಕಡೆಯ ಒಂದು ಜಾತಿ 1880ರಲ್ಲಿ ಲಂಡನ್ನಿನ ತಾವರೆ ತೊಟ್ಟಿಯೊಂದರಲ್ಲಿ ಸಿಕ್ಕಿತು, ಈಗ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ನಮ್ಮದೇ ಆದದ್ದು ಲಿಮ್ನೊಕ್ನಿಡಾ ಇಂಡಿಕಾ. ಸುಮಾರು 1911ರಲ್ಲಿ ವಿಜ್ಞಾನಿ ಎಸ್. ಪಿ. ಅಘರ್ಕರ್ ಅವರಿಗೆ ಪಶ್ಚಿಮ ಘಟ್ಟದಲ್ಲಿ, ಕೃಷ್ಣೆಗೆ ಸೇರುವ ಹೊಳೆಯಲ್ಲಿ ಸಿಕ್ಕಿತು. ನಮ್ಮ ತುಂಗಭದ್ರೆಯೂ ಕೊನೆಗೆ ಸೇರೋದು ಕೃಷ್ಣೆಗೇ ಅಲ್ವಾ!

ಆ ಹುಚ್ಚಿಗೆ ಭಾನುವಾರ ಸುಮ್ನೆ ಹರಿಹರಕ್ಕೆ ಹೋಗಿ ಹೊಳೆಗಿಳಿದೆವು. ಮೊಣಕಾಲುದ್ದ ನೀರು. ಬಂಡೆಯ ಮರೆಯಲ್ಲಿ ಏನೋ ತೆಳ್ಳಗೆ, ಪಾರದರ್ಶಕವಾಗಿ ಉಬ್ಬುತ್ತಾ ಇಳಿಯುತ್ತಾ ತೇಲುತ್ತಿತ್ತು. ಉಸಿರು ಬಿಗಿಹಿಡಿದು ಬೊಗಸೆಯಲ್ಲಿ ಎತ್ತಿದರೆ ಪ್ಲಾಸ್ಟಿಕ್ ಕವರ್. ಲೋಳೆಮೀನನ್ನೇ ಮುಖ್ಯವಾಗಿ ತಿಂದು ಬದುಕುವ ಲೆದರ್‌ಬ್ಯಾಕ್ ಕಡಲಾಮೆಯೂ ಇದೇ ತಪ್ಪು ಮಾಡಿ ಪ್ಲಾಸ್ಟಿಕ್ ನುಂಗುತ್ತದೆ. ಅದರ ಪೇಪರ್ ತಿದ್ದಿದ್ದಾರೆ: ‘ವಲ್ನರಬಲ್’, ಅಂದ್ರೆ ಅಳಿವಿನ ಅಪಾಯದಲ್ಲಿದೆ.